ಸಿಸ್ಟರ್ ಮನೆಗೆ ಯಾಕೆ ಬಂದರು?

ವಡಗಾವಿಯ ಓದುಗರೊಬ್ಬರ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ. ಮನೆಯಲ್ಲಿ ಪವರ್‌ಲೂಮ್ ಇದೆ. ಮಗಳು ಬೆಳಗಾವಿಯ ಒಂದು ಕಾನ್ವೆಂಟ್ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಅವರು ಬರೆಯುತ್ತಾರೆ: ‘ಮಗಳಿಗೆ ಗಣಿತದಲ್ಲಿ ಮಾರ್ಕ್ಸ್ ಇಳಿದಿದೆ. ಎಕ್ಸ್‌ಟ್ರಾ ಕ್ಲಾಸ್ ತಗೊಳ್ಳೋದು ಬಿಟ್ಟು ಕ್ಲಾಸ್ ಟೀಚರ್ ಸಿಸ್ಟರ್ ನಮ್ಮ ಮನೆಗೇ ಬಂದರು. ಮಗಳು ಎಲ್ಲಿ ಕೂತು ಓದ್ತಾಳೆ, ಮಗ್ಗ ಎಷ್ಟು ಗಂಟೆಗೆ ನಿಲ್ಲುತ್ತೆ ಅಂತೆಲ್ಲ ಕೇಳಿದರು. ಶಾಲೆಯಲ್ಲಿ ವಾರಕ್ಕೆ ಎರಡು ಪೀರಿಯಡ್ ಹಾಡು, ಕೈತೋಟ ಅಂತ ಹೋಗುತ್ತೆ. ಶನಿವಾರ ಒಬ್ಬೊಬ್ಬರನ್ನೇ ಕರೆದು ಮಾತಾಡಿಸ್ತಾರಂತೆ. ಬರುವ ವರ್ಷ ಎಸ್ಸೆಸ್ಸೆಲ್ಸಿ. ಇದು ಕಲಿಸೋದಾ, ಟೈಮ್ ಕಳೆಯೋದಾ?’

ಯಜಮಾನರೇ, ನಿಮ್ಮ ಚಿಂತೆ ಸುಳ್ಳಲ್ಲ. 625ಕ್ಕೆ ಎಷ್ಟು ಬಂತು ಅನ್ನೋದರ ಮೇಲೆ ಪಿಯುಸಿ ಸೀಟು ನಿಂತಿರುತ್ತದೆ. ನೂಲಿನ ರೇಟು ಏರುತ್ತಿರುವಾಗ ಫೀ ಕಟ್ಟುವ ಅಪ್ಪನಿಗೆ ಮಾರ್ಕ್ಸ್ ಬೇಡ ಅಂತ ಹೇಳುವ ಹಕ್ಕು ನನಗಿಲ್ಲ.

ಆದರೆ ಸಿಸ್ಟರ್ ಕೇಳಿದ್ದನ್ನು ಇನ್ನೊಮ್ಮೆ ಓದಿ ನೋಡಿ. ಎಲ್ಲಿ ಕೂರುತ್ತಾಳೆ? ಮಗ್ಗ ಯಾವಾಗ ನಿಲ್ಲುತ್ತೆ? ನನ್ನ ಕೇಳಿದರೆ ಅವೇ ಗಣಿತದ ಪ್ರಶ್ನೆಗಳು. ಖಟಖಟ ಅನ್ನುವ ಮಗ್ಗದ ಪಕ್ಕ ಕೂತು ಬೀಜಗಣಿತ ಮಾಡುವ ಹುಡುಗಿಗೆ ಇನ್ನೊಂದು ಟ್ಯೂಷನ್ ಹಚ್ಚಿದರೆ ಏನು ಬಂತು? ಅವಳಿಗೆ ಬೇಕಾದದ್ದು ಒಂದು ತಾಸು ಸದ್ದಿಲ್ಲದ ಜಾಗ. ಅದು ಮಾರ್ಕ್ಸ್ ಕಾರ್ಡ್ ನೋಡಿದರೆ ಗೊತ್ತಾಗಲ್ಲ. ಮನೆಗೆ ಬಂದು ನೋಡಬೇಕು.

ನನ್ನ ಕಥೆ ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗ ನನಗೆ ತೊದಲು. ಅದರಲ್ಲೂ ‘ಹ’ ಹೊರಡುತ್ತಲೇ ಇರಲಿಲ್ಲ. ಬೆಳಿಗ್ಗೆ ಹಾಜರಿ ಕೂಗುವಾಗ ‘ಹಾಜರ್ ಸರ್’ ಅನ್ನಬೇಕು. ನನ್ನ ಬಾಯಿ ತೆರೆಯುವಷ್ಟರಲ್ಲಿ ಮಾಸ್ತರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಎರಡನೇ ಬೆಂಚಿನಲ್ಲಿ ಕೂತೇ ನಾನು ಗೈರುಹಾಜರು. ಕೊನೆಗೆ ಹಾಜರಿ ಕಡಿಮೆ ಅಂತ ಮನೆಗೆ ಚೀಟಿ ಹೋಯಿತು. ಶಾಲೆ ತಪ್ಪಿಸಿ ಎಲ್ಲಿ ತಿರುಗುತ್ತೀ ಅಂತ ಅಪ್ಪ ಹೊಡೆದರು. ಅವರಿಗೆ ಹೇಳೋಣ ಅಂದರೆ ಅದಕ್ಕೂ ಮಾತು ಬೇಕಲ್ವಾ? ಮುಂದಿನ ವರ್ಷ ಹೊಸದಾಗಿ ಬಂದ ಅಕ್ಕೋರು ಎರಡನೇ ದಿನವೇ ಹತ್ತಿರ ಕರೆದು, ‘ನೀ ಕೈ ಎತ್ತು, ಸಾಕು’ ಅಂದರು. ಅಷ್ಟೇ. ಬೇರೆ ಚಿಕಿತ್ಸೆ ಏನೂ ಮಾಡಲಿಲ್ಲ. ಆ ವರ್ಷ ನಾನು ಮೊದಲ ಸಲ ಗಣಿತದಲ್ಲಿ ಪಾಸಾದೆ. ಗಣಿತಕ್ಕೂ ಹಾಜರಿಗೂ ಏನು ಸಂಬಂಧ ಅಂತ ಕೇಳಿದರೆ, ಇದೆ ಅಂತಷ್ಟೇ ಹೇಳಬಲ್ಲೆ.

ಇವತ್ತು ಇದಕ್ಕೆಲ್ಲ ಕಾಯ್ದೆ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ತೊಂದರೆಗಳಲ್ಲಿ ಮಾತಿನ ತೊಂದರೆಯೂ ಇದೆ, ಕಲಿಕೆಯ ತೊಂದರೆಯೂ ಇದೆ. ಆದರೆ ಮಗುವನ್ನು ಯಾರಾದರೂ ಮೊದಲು ಗಮನಿಸಬೇಕಲ್ಲ?

ಕ್ಯಾಥೊಲಿಕ್ ಶಾಲೆಗಳಿಗೆ ಈ ಗಮನಿಸುವ ಅಭ್ಯಾಸ ಹಳೆಯದು. ಯೇಸು ಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘ, ಕಟ್ಟಿದ ಸಂತ ಇಗ್ನೇಷಿಯಸ್ ಮೊದಲು ಸೈನಿಕ. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಸಣ್ಣ ಹುಡುಗರ ಜೊತೆ ಕೂತು ಲ್ಯಾಟಿನ್ ಕಲಿತರು. ತಡವಾಗಿ ಕಲಿಯುವವನ ಸಂಕಟ ಅಂಥವರಿಗೆ ಗೊತ್ತಿರುತ್ತೆ. ಅವರ ಶಾಲೆಗಳಲ್ಲಿ ‘ಕೂರಾ ಪರ್ಸೊನಾಲಿಸ್’ ಅನ್ನುವ ಮಾತಿದೆ, ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಿಕೊಳ್ಳುವುದು ಅಂತ ಅರ್ಥ. ಅವರದೇ ಶಾಲೆ, ನಮ್ಮ ಬೆಳಗಾವಿ ಕ್ಯಾಂಪ್‌ನ ಸೇಂಟ್ ಪಾಲ್ಸ್, 1856ರಿಂದ ಇದೆ. ಇಟಲಿಯ ಟ್ಯೂರಿನ್‌ನಲ್ಲಿ ಬೀದಿ ಹುಡುಗರಿಗೆ ಕಲಿಸಿದ ಡಾನ್ ಬಾಸ್ಕೊ 1884ರಲ್ಲಿ ತನ್ನವರಿಗೆ ಒಂದು ಕಾಗದ ಬರೆದರು. ಹುಡುಗರನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ಗೊತ್ತಾಗಬೇಕು ಅನ್ನುವುದು ಅದರ ಸಾರ. ಈ ಶಾಲೆಗಳಲ್ಲೂ ತಪ್ಪುಗಳಾಗಿವೆ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಮಕ್ಕಳನ್ನು ನಾನೇ ಬಲ್ಲೆ. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆದರೂ ಮನೆ ಬಾಗಿಲು ತಟ್ಟುವ ಟೀಚರ್ ಇರುವ ಕಡೆ ನನ್ನ ಮನಸ್ಸು ವಾಲುತ್ತದೆ.

ಇದು ಪರದೇಶದ ಬುದ್ಧಿ ಅಂತಲೂ ತಿಳೀಬೇಡಿ. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಇದೇ ಬೆಳಗಾವಿಯಲ್ಲಿ ಬಡ ಹುಡುಗರಿಗೆ ಪ್ರಸಾದ ನಿಲಯ ನಡೆಸಿದರು. ಹಸಿದವನಿಗೆ ಪಾಠ ಹತ್ತಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಇಲ್ಲಿನ ಕೆಎಲ್‌ಇ ಶಿಕ್ಷಣ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರು. ಇದು ಮಾಸ್ತರರು ಬೆಳೆಸಿದ ಊರು.

ಅಂಥ ಊರಿನಲ್ಲಿ ಈಗ ಏನಾಗಿದೆ ನೋಡಿ. ರಿಸಲ್ಟ್ ಬಂದ ಮರುದಿನ ಸರ್ಕಲ್‌ನಲ್ಲಿ ಫ್ಲೆಕ್ಸ್ ಏಳುತ್ತೆ. ಸಣ್ಣ ಸಣ್ಣ ಫೋಟೊ, ಕೆಳಗೆ ಮಾರ್ಕ್ಸ್. ಆ ಫ್ಲೆಕ್ಸ್‌ನಲ್ಲಿ ಇಲ್ಲದ ಮಕ್ಕಳು ಎಲ್ಲಿ ಹೋದರು ಅಂತ ಯಾರಾದರೂ ಕೇಳಿದ್ದಾರಾ? ಬೆಳಗಾವಿ ಎಷ್ಟನೇ ಸ್ಥಾನ, ಚಿಕ್ಕೋಡಿ ಎಷ್ಟನೇ ಸ್ಥಾನ ಅಂತ ಪತ್ರಿಕೆಯವರಾದ ನಾವೂ ದೊಡ್ಡಕ್ಷರದಲ್ಲಿ ಹಾಕುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೊಬ್ಬ ಶಿಕ್ಷಕ ಎನ್ನುತ್ತದೆ. ಒಂಬತ್ತಕ್ಕೆ ಕಾಲಿಟ್ಟರೆ ಆ ಕಾಯ್ದೆ ಮುಗಿಯಿತು. ಮೈಮನಸ್ಸು ಜಾಸ್ತಿ ಕಲಕುವ ವಯಸ್ಸೇ ಅದು! 2020ರ ಶಿಕ್ಷಣ ನೀತಿ ಮಗುವಿನ ಎಲ್ಲ ಮುಖ ತೋರಿಸುವ ಪ್ರಗತಿ ಪತ್ರ ಬೇಕು ಎಂದಿದೆ. ಸಂತೋಷ. ಆದರೆ ಮೊಬೈಲ್‌ನಲ್ಲಿ ಮಾಹಿತಿ ತುಂಬಿ, ಚುನಾವಣೆ ಕೆಲಸ ಮುಗಿಸಿ ಬಂದ ಶಿಕ್ಷಕರು ಆ ಮುಖಗಳನ್ನು ನೋಡೋದು ಯಾವಾಗ? ನಿಮ್ಮ ಸಿಸ್ಟರ್ ಶನಿವಾರ ತಮ್ಮ ಮಧ್ಯಾಹ್ನವನ್ನೇ ಕೊಡುತ್ತಿದ್ದಾರೆ. ಅದನ್ನು ಟೈಮ್ ಕಳೆಯೋದು ಅಂದಿರಲ್ಲ, ಅದಕ್ಕೆ ಬೇಜಾರಾಯಿತು.

ನೀವು ನೇಕಾರರು. ಹಾಸಿನಲ್ಲಿ ಒಂದೇ ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೀರಿ. ಉಳಿದ ಸಾವಿರ ಎಳೆ ಸರಿಯಿವೆ ಅಂತ ಓಡಿಸುವುದಿಲ್ಲ. ಸಿಸ್ಟರ್ ಮಾಡಿದ್ದೂ ಅದನ್ನೇ. ಆ ಕೆಲಸದ ಬೆಲೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಈ ಶನಿವಾರ ನೀವೇ ಶಾಲೆಗೆ ಹೋಗಿ ಬನ್ನಿ. ಸಂಜೆ ಏಳರಿಂದ ಎಂಟರವರೆಗೆ ಮಗ್ಗ ನಿಲ್ಲಿಸ್ತೀನಿ ಅಂತ ಹೇಳಿ. ಆಮೇಲೆ, ಗಣಿತದ ಮಾತು ಎತ್ತುವ ಮೊದಲು, ಮಧ್ಯಾಹ್ನ ನನ್ನ ಮಗಳು ಯಾರ ಜೊತೆ ಕೂತು ಬುತ್ತಿ ಬಿಚ್ಚುತ್ತಾಳೆ ಅಂತ ಸಿಸ್ಟರ್‌ನ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ