ಓದುಗರ ಪ್ರಶ್ನೆ: ಕಡಲ್ಕೊರೆತದ ಕಂಪ್ಯೂಟರ್ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮದು ಉಳ್ಳಾಲ. ಮಳೆಗಾಲ ಬಂದರೆ ಕಡಲ್ಕೊರೆತ ತಪ್ಪಿದ್ದಲ್ಲ. ಕಲ್ಲು ಹಾಕುವ ಮೊದಲು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ನೋಡುತ್ತಾರಂತೆ. ಕಡಲನ್ನು ಹಾಗೆ ಲೆಕ್ಕ ಹಾಕಲು ಆಗುತ್ತದಾ? ಅದು ಹೇಳಿದ್ದನ್ನು ನಂಬಬಹುದಾ?

ಉತ್ತರ: ನೀರಿನ ವಿಷಯದಲ್ಲಿ ಸಾಕಷ್ಟು ನಂಬಬಹುದು. ಮರಳಿನ ವಿಷಯದಲ್ಲಿ ಹುಷಾರಾಗಿರಬೇಕು.

ಮಾಡೆಲ್ ಮಾಡುವವರು ಕಡಲನ್ನು ಚೌಕಗಳಾಗಿ ಹಂಚಿಕೊಳ್ಳುತ್ತಾರೆ. ದೂರದಲ್ಲಿ ದೊಡ್ಡ ಚೌಕ, ಅಳಿವೆಯ ಹತ್ತಿರ 50 ಮೀಟರಿನದ್ದೋ ಇನ್ನೂ ಚಿಕ್ಕದೋ. ಪ್ರತಿ ಚೌಕದ ಆಳ ಕೊಡಬೇಕು. ಹೊರ ಅಂಚಿನಿಂದ ಉಬ್ಬರವಿಳಿತ ಮತ್ತು ಅಲೆ, ಮೇಲಿನಿಂದ ಗಾಳಿ, ಒಳಗಿನಿಂದ ನದಿ ನೀರು. ಆಮೇಲೆ ಚೌಕದಿಂದ ಚೌಕಕ್ಕೆ ಎಷ್ಟು ನೀರು ಹರಿಯಿತು ಎಂದು ಕೆಲವು ಸೆಕೆಂಡಿಗೊಮ್ಮೆ ಲೆಕ್ಕ. ಅಷ್ಟು ಆತುರ ಯಾಕೆ? 10 ಮೀಟರ್ ಆಳದಲ್ಲಿ ಉಬ್ಬರದ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. 50 ಮೀಟರ್ ಚೌಕ ದಾಟಲು 5 ಸೆಕೆಂಡು ಸಾಕು. ಸರಳ ವಿಧಾನಗಳಲ್ಲಿ ಅದಕ್ಕಿಂತ ಉದ್ದ ಹೆಜ್ಜೆ ಇಟ್ಟರೆ, ಅಂದರೆ ಎರಡು ಲೆಕ್ಕಗಳ ನಡುವೆ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ, ಲೆಕ್ಕವೇ ಕೆಟ್ಟು ಹುಚ್ಚು ಅಂಕಿಗಳು ಬರುತ್ತವೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು ಇದನ್ನು 1928ರಲ್ಲೇ, ಕಂಪ್ಯೂಟರ್ ಇಲ್ಲದ ಕಾಲದಲ್ಲೇ, ತೋರಿಸಿದ್ದರು! 5 ಸೆಕೆಂಡಿಗೊಂದರಂತೆ ವರ್ಷಕ್ಕೆ 60 ಲಕ್ಷ ದಾಟುವಷ್ಟು ಹೆಜ್ಜೆಗಳಾಗುತ್ತವೆ.

ಇಷ್ಟಾದರೆ ನೀರಿನ ಮಟ್ಟ ಬಂದರಿನ ಅಳತೆಗೆ ಚೆನ್ನಾಗಿಯೇ ಹೊಂದುತ್ತದೆ. ಮರಳು ಹಾಗಲ್ಲ. ಹರಿವಿನ ವೇಗ ದುಪ್ಪಟ್ಟಾದರೆ ಸಾಗುವ ಮರಳು ದುಪ್ಪಟ್ಟಲ್ಲ, ಬಳಸುವ ಸೂತ್ರ ನೋಡಿಕೊಂಡು 8ರಿಂದ 32 ಪಟ್ಟು ಆಗುತ್ತದೆ. ಹಾಗಾಗಿ ವೇಗದಲ್ಲಿ ಶೇ 10ರ ತಪ್ಪು ಮರಳಿನಲ್ಲಿ ಶೇ 30-60 ಆಗಿಬಿಡಬಹುದು. ಲೆಕ್ಕ ನಿಜದ ಅರ್ಧಕ್ಕೂ ದುಪ್ಪಟ್ಟಿಗೂ ನಡುವೆ ಬಿದ್ದರೆ ನಮ್ಮ ಕಸುಬಿನಲ್ಲಿ ಅದೇ ಒಳ್ಳೆಯ ಫಲಿತಾಂಶ. ಇನ್ನೊಂದು ತಾಪತ್ರಯವೂ ಇದೆ. ದಡದ ಮರಳು ವರ್ಷದ ಒಂದು ಋತುವಿನಲ್ಲಿ ಉತ್ತರಕ್ಕೆ ಹೋದರೆ ಇನ್ನೊಂದು ಋತುವಿನಲ್ಲಿ ದಕ್ಷಿಣಕ್ಕೆ. ನಿಮ್ಮ ಮನೆ ಮುಂದೆ ಉಳಿಯುವುದು ಈ ಎರಡು ದೊಡ್ಡ ಮೊತ್ತಗಳ ನಡುವಿನ ಸಣ್ಣ ವ್ಯತ್ಯಾಸ. ದೊಡ್ಡದರಲ್ಲಿ ಸ್ವಲ್ಪ ತಪ್ಪಿದರೂ ಈ ವ್ಯತ್ಯಾಸ ತಲೆಕೆಳಗಾಗುತ್ತದೆ.

ಹಾಗಾದರೆ ಮಾಡೆಲ್ ದಂಡವಾ? ಖಂಡಿತ ಅಲ್ಲ. ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಗೆ 1990ರ ದಶಕದಲ್ಲಿ ಎರಡೂ ಬದಿ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಕಲ್ಲಿನ ದಂಡೆ) ಬಂತು. ಉತ್ತರದ ಬೆಂಗ್ರೆಯಲ್ಲಿ ಮರಳು ತುಂಬಿತು, ದಕ್ಷಿಣದ ಉಳ್ಳಾಲದಲ್ಲಿ ಕೊರೆಯಿತು. ಇಂಥ ಕಡೆ ಬರೀ ಕಲ್ಲಿನ ಗೋಡೆಯೋ, ಅಲೆ ಒಡೆಯಲು ನೀರಿನಡಿ ಕಟ್ಟುವ ದಿಬ್ಬವಾದ ರೀಫೋ, ಮರಳು ತಂದು ಸುರಿಯುವುದೋ, ಯಾವುದು ಮೇಲು ಎಂದು ಹೋಲಿಸಿ ನೋಡಲು ಮಾಡೆಲ್ ಬೇಕೇ ಬೇಕು. ಮಾಡೆಲಿನ ತಪ್ಪು ಈ ಎಲ್ಲ ಆಯ್ಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಹೋಲಿಕೆ ನಿಲ್ಲುತ್ತದೆ. "ಹತ್ತು ವರ್ಷದಲ್ಲಿ ದಡ ಇಷ್ಟೇ ಮೀಟರ್ ಹಿಂದೆ ಸರಿಯುತ್ತದೆ" ಎಂದರೆ ಮಾತ್ರ ನಾನು ಒಪ್ಪುವುದಿಲ್ಲ.

ಊರಿನ ಸಭೆಯಲ್ಲಿ ವರದಿ ಮಂಡಿಸಿದರೆ ಒಂದೇ ಪ್ರಶ್ನೆ ಕೇಳಿ: ಅಳತೆ ಯಾವ ತಿಂಗಳಲ್ಲಿ ಮಾಡಿದ್ದು? ನಮ್ಮ ಕರಾವಳಿಯಲ್ಲಿ ಮರಳು ಜಾಸ್ತಿ ಕದಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಕಡಲಿಗೆ ಬೋಟ್ ಇಳಿಸುವುದೇ ಕಷ್ಟ. ಬಹಳ ಸಲ ಬೇಸಿಗೆಯ ಶಾಂತ ಕಡಲನ್ನು ಅಳೆದು ಮಳೆಗಾಲದ ಬಗ್ಗೆ ಹೇಳಲಾಗುತ್ತದೆ.

ಪ್ರಶ್ನೆ: ನಾನು ಎಂ.ಟೆಕ್ ವಿದ್ಯಾರ್ಥಿನಿ. ಅಳಿವೆಯ ಹೂಳಿನ ಬಗ್ಗೆ ಪ್ರಾಜೆಕ್ಟ್. ಡೆಲ್ಫ್ಟ್3ಡಿ ಎಂಬ ಮಾಡೆಲ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. 2ಡಿ (ಮೇಲಿನಿಂದ ತಳದವರೆಗಿನ ಹರಿವಿನ ಸರಾಸರಿ) ಸಾಕಾ, 3ಡಿ (ಪದರ ಪದರವಾಗಿ ಲೆಕ್ಕ) ಬೇಕಾ?

ಉತ್ತರ: ಮರಳಷ್ಟೇ ಆದರೆ 2ಡಿಯಿಂದ ಶುರು ಮಾಡಿ. ಕೆಸರು ಇದ್ದರೆ 3ಡಿ ಬೇಕು. ಜೋರು ನೆರೆಯಲ್ಲಿ ಉಪ್ಪುನೀರು ಅಳಿವೆಯಿಂದ ಹೆಚ್ಚುಕಡಿಮೆ ಹೊರಗೇ ಹೋಗುತ್ತದೆ. ಮಳೆ ಇಳಿದ ಮೇಲೆ ಅದು ತಳದಲ್ಲಿ ಒಳಗೆ ಬರುತ್ತದೆ, ಮೇಲೆ ಸಿಹಿನೀರು ಹೊರಗೆ ಹೋಗುತ್ತಿರುತ್ತದೆ. 2ಡಿ ಇವೆರಡನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ತಳದ ಹರಿವು ಕೆಸರನ್ನು ಒಳಗೆ ಎಳೆದು ತರುವುದು ಅದಕ್ಕೆ ಕಾಣುವುದೇ ಇಲ್ಲ. 5 ಮೀಟರ್ ನೀರಿನಲ್ಲಿ 0.2 ಮಿಲಿಮೀಟರ್ ಮರಳಿನ ಕಣ ಸುಮಾರು 4 ನಿಮಿಷದಲ್ಲಿ ತಳ ಮುಟ್ಟುತ್ತದೆ. ಕೆಸರಿನ ಕಣಗಳು ಅಂಟಿಕೊಂಡ ಹಗುರ ಮುದ್ದೆಗೆ ಗಂಟೆಗಳೇ ಬೇಕು. ಅಷ್ಟರಲ್ಲಿ ಉಬ್ಬರ ಅದನ್ನು ಎಲ್ಲಿಗೋ ಒಯ್ದಿರುತ್ತದೆ. ಮೊದಲು ಉಪ್ಪಿನಂಶದ ಅಳತೆಗೆ ಮಾಡೆಲ್ ಹೊಂದಿಸಿ, ಆಮೇಲೆ ಹೂಳಿಗೆ ಕೈ ಹಾಕಿ.

ಪ್ರಶ್ನೆ: ಅಳಿವೆ ಬಾಗಿಲಲ್ಲಿ ಹೂಳು ತೆಗೆದ ಮರುವರ್ಷವೇ ಮತ್ತೆ ತುಂಬುತ್ತದೆ. ಬೋಟ್ ತಳಕ್ಕೆ ತಾಗುತ್ತದೆ. ಇದಕ್ಕೇನು ದಾರಿ?

ಉತ್ತರ: ಆಳ ಮಾಡಿದಲ್ಲಿ ನೀರಿನ ಓಟ ನಿಧಾನವಾಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ತೆಗೆದ ಹೂಳನ್ನು ಎಲ್ಲಿ ಹಾಕಿದರೆ ವಾಪಸ್ ಬರುವುದು ಕಡಿಮೆ ಎಂದು ಮಾಡೆಲ್ ಹೇಳಬಲ್ಲದು. ಅದು ಮರಳಾಗಿದ್ದರೆ ದೂರದ ಕಡಲಿಗೆ ಒಯ್ಯುವ ಬದಲು ಕೊರೆಯುತ್ತಿರುವ ದಡದ ಎದುರು ಹಾಕಿಸುವಂತೆ ಕೇಳಿ. ಕೆಸರಾದರೆ ಬೇಡ, ಅದು ದಡದಲ್ಲಿ ನಿಲ್ಲುವುದಿಲ್ಲ.