ಪ್ರತಿ ಸಲ ಹೊಸ ಜಾಗದಲ್ಲಿ ಟೆಂಟ್ ಹಾಕಿದರೆ ಕಾಡಿಗೆ ಒಳ್ಳೆಯದಾ? ಅಲ್ಲ, ಇದು ನಮ್ಮ ಅನುಭವ

ಹದಿಹರೆಯದ ಹುಡುಗ ಹುಡುಗಿಯರನ್ನು ಹತ್ತಿರದ ಕಾಡಿಗೆ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತೀರಿ. ಒಂದೇ ಜಾಗ ಸವೆಯಬಾರದು ಅಂತ ಪ್ರತಿ ಸಲ ಜಾಗ ಬದಲಿಸುವ ಯೋಚನೆ ಇದೆ, ಅದನ್ನು ಹೇಗೆ ಹಂಚುವುದು ಅಂತ ಕೇಳಿದ್ದೀರಿ. ದಯವಿಟ್ಟು ಹಂಚಬೇಡಿ. ನಾವು ಅದನ್ನೇ ಮಾಡಿ ಒಂದು ಒಳ್ಳೆಯ ಕಾಡನ್ನು ಕಳೆದುಕೊಂಡೆವು.

ಆಗ ಕ್ಯಾಂಪಿನ ಹೊಣೆ ನನ್ನದಾಗಿತ್ತು. ಅದು ಒಬ್ಬರ ಸ್ವಂತ ಕಾಡು. ಮಕ್ಕಳು ಬರುತ್ತಾರೆ ಅನ್ನುವ ಖುಷಿಗೆ ಅವರು ಒಪ್ಪಿದ್ದರು, ಬಾಯಿಮಾತಿನಲ್ಲೇ. ಮೊದಲ ಸಲ ಟೆಂಟ್ ಎತ್ತಿದಾಗ ಕೆಳಗಿನ ತರಗೆಲೆ ಪುಡಿಯಾಗಿತ್ತು, ಸಣ್ಣ ಸಸಿಗಳು ಮಲಗಿಬಿಟ್ಟಿದ್ದವು. ನೋಡಿ ಸಂಕಟವಾಯಿತು. ಮುಂದಿನ ಸಲ ಸ್ವಲ್ಪ ಆಚೆ ಹೋದೆವು, ಅದರ ಮುಂದಿನ ಸಲ ಇನ್ನೂ ಆಚೆ. ಹೊಲವನ್ನು ಬೀಳು ಬಿಟ್ಟ ಹಾಗೆ ಹಳೆಯ ಜಾಗ ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ ಅಂತ ನನ್ನ ಲೆಕ್ಕ.

ಆ ಲೆಕ್ಕವೇ ತಪ್ಪು. ಎಲ್ಲಿ ತಪ್ಪಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅಲ್ಲೇ ನಿಂತಿದ್ದೀರಿ. ತುಳಿತ ಎರಡು ಪಟ್ಟಾದರೆ ಹಾನಿಯೂ ಎರಡು ಪಟ್ಟು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಕ್ಯಾಂಪ್ ಜಾಗಗಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು ಮತ್ತೆ ಮತ್ತೆ ಕಂಡಿರುವುದು ಇದು: ನೆಲದ ಹಾನಿಯ ದೊಡ್ಡ ಪಾಲು ಮೊದಲ ಕೆಲವೇ ರಾತ್ರಿಗಳಲ್ಲಿ ಆಗಿಹೋಗುತ್ತದೆ. ಆಮೇಲೆ ಅದೇ ಜಾಗವನ್ನು ಎಷ್ಟು ಬಳಸಿದರೂ ಹೊಸದಾಗಿ ಸೇರುವ ಹಾನಿ ಸ್ವಲ್ಪವೇ. ಚೇತರಿಕೆ ಮಾತ್ರ ತುಂಬಾ ನಿಧಾನ. ಮರದ ನೆರಳಿನ ಮೆತ್ತನೆ ನೆಲಕ್ಕೆ ವರ್ಷಗಳೇ ಬೇಕು. ಅಂದರೆ ನಾವು ಪ್ರತಿ ಸಲ ಮಾಡುತ್ತಿದ್ದದ್ದು ಒಂದು ಹೊಸ ಜಾಗದ ಮೊದಲ ರಾತ್ರಿ, ಅತಿ ಜಾಸ್ತಿ ಹಾನಿಯ ರಾತ್ರಿ. ಹಳೆಯದು ಇನ್ನೂ ಚಿಗುರಿರಲಿಲ್ಲ, ಅಷ್ಟರಲ್ಲಿ ಪಕ್ಕದ್ದನ್ನೂ ತುಳಿದಿದ್ದೆವು.

ಅದು ಬರೀ ಟೆಂಟ್ ಹಾಕಿದ ಜಾಗದ ಮಾತೂ ಅಲ್ಲ. ಟೆಂಟಿನಿಂದ ನೀರಿಗೆ ಒಂದು ಕಾಲುದಾರಿ, ಒಲೆಗೆ ಒಂದು, ಪೊದೆಯ ಮರೆಗೆ ಇನ್ನೊಂದು. ಹೊಸ ಜಾಗ ಅಂದರೆ ಇವೆಲ್ಲವೂ ಹೊಸದು. ಕಾಡಿನ ಮಣ್ಣಿನಲ್ಲಿ ಗಾಳಿ, ನೀರು ಓಡಾಡಲು ಸಣ್ಣ ಸಣ್ಣ ಸಂದುಗಳಿರುತ್ತವೆ, ತುಳಿದರೆ ಅವು ಮುಚ್ಚಿಕೊಳ್ಳುತ್ತವೆ. ಮಳೆನೀರು ಇಂಗದೆ ಮೇಲೇ ಹರಿಯುತ್ತದೆ, ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಮರದ ತೆಳು ಬೇರುಗಳಲ್ಲಿ ಹೆಚ್ಚಿನವು ಇರುವುದೇ ಮೇಲ್ಮಣ್ಣಿನಲ್ಲಿ, ಹಾಗಾಗಿ ಪೆಟ್ಟು ನೇರ ಅವಕ್ಕೇ. ಮರ ತಕ್ಷಣ ಏನೂ ತೋರಿಸುವುದಿಲ್ಲ, ಅದಕ್ಕೇ ನನಗೂ ಏನೂ ಕಾಣಲಿಲ್ಲ.

ಕಂಡದ್ದು ಕಾಡಿನ ಮಾಲೀಕರಿಗೆ. ಒಂದು ದಿನ ಅವರು ಈ ತುದಿಯಿಂದ ಆ ತುದಿಗೆ ನಡೆದು ನೋಡಿದ್ದಾರೆ. ಎಲ್ಲೆಲ್ಲೂ ಬೋಳು ತೇಪೆ, ಕಪ್ಪು ಮಸಿಯ ವೃತ್ತ. ಜಗಳವಾಡಲಿಲ್ಲ, ಇನ್ನು ಬರಬೇಡಿ ಅಂದರು ಅಷ್ಟೇ. ನಾವು ಒಂದು ಚೂರು ಕಸ ಬಿಟ್ಟಿರಲಿಲ್ಲ, ಅದನ್ನೇ ಹೇಳಿದೆ. ಕಸ ಆಗಿದ್ದರೆ ಒಂದು ಬೆಳಗ್ಗೆ ಹೆಕ್ಕಿಬಿಡುತ್ತಿದ್ದೆ ಅಂದರು. ಆ ವರ್ಷ ಕ್ಯಾಂಪ್ ನಡೆಯಲಿಲ್ಲ, ದೊಡ್ಡ ಮಕ್ಕಳು ಹಲವರು ಗುಂಪನ್ನೇ ಬಿಟ್ಟರು. ನನಗೆ ಇವತ್ತಿಗೂ ನೋವಿರುವುದು ಅದಕ್ಕೆ.

ಆದ್ದರಿಂದ ಒಂದೇ ಜಾಗ ಆರಿಸಿ, ಪ್ರತಿ ಸಲ ಅಲ್ಲಿಗೇ ಹೋಗಿ. ಆರಿಸುವುದೂ ನಿಮ್ಮ ಕೆಲಸವಲ್ಲ, ಕಾಡಿನ ಹೊಣೆ ಹೊತ್ತವರನ್ನು ಕೇಳಿ. ನಮಗೆ ಆಮೇಲೆ ಸಿಕ್ಕ ಕಾಡಿನಲ್ಲಿ ಹಿಂದೆ ಮರದ ದಿಮ್ಮಿ ಪೇರಿಸುತ್ತಿದ್ದ ಗಟ್ಟಿ ನೆಲ ತೋರಿಸಿದರು. ನೋಡಲು ಚೆನ್ನಾಗಿಲ್ಲ, ಮಕ್ಕಳು ಗೊಣಗಿದರು. ಆದರೆ ಅಲ್ಲಿ ಹಾಳಾಗಲು ಏನೂ ಉಳಿದಿರಲಿಲ್ಲ, ನಮಗೆ ಬೇಕಾದದ್ದೂ ಅದೇ. ಯಾರೂ ತುಳಿಯದ ದೂರದ ಜಾಗದಲ್ಲಿ ಎರಡು ಮೂರು ಜನ ಒಂದೇ ರಾತ್ರಿ ತಂಗುವುದಾದರೆ ಚದುರುವುದೇ ಸರಿ, ಕಾಡಿನಲ್ಲಿ ಗುರುತು ಉಳಿಸದೆ ತಂಗಲು ಹೇಳುವ ಲೀವ್ ನೋ ಟ್ರೇಸ್ ಅನ್ನುವ ಏಳು ಸೂತ್ರಗಳಲ್ಲೂ ಈ ಭೇದ ಇದೆ. ನಿಮ್ಮಂಥ ಗುಂಪಿಗೆ ಅದು ಅನ್ವಯಿಸುವುದಿಲ್ಲ.

ಗುಂಪು ಚಿಕ್ಕದಿರಲಿ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ, ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ನಡೆಸಿದ ಮೊದಲ ಸ್ಕೌಟ್ ಕ್ಯಾಂಪಿನಲ್ಲಿ ಇದ್ದದ್ದು ಸುಮಾರು 20 ಹುಡುಗರು, ಅವರನ್ನೂ ನಾಲ್ಕು ತಂಡ ಮಾಡಿದ್ದರು. ದೊಡ್ಡ ಗುಂಪಿಗೆ ಜಾಗ ಹಿಗ್ಗುತ್ತಲೇ ಹೋಗುತ್ತದೆ, ಯಾರು ಎಲ್ಲಿ ತುಳಿಯುತ್ತಿದ್ದಾರೆ ಅಂತ ನಿಮಗೂ ಗೊತ್ತಾಗುವುದಿಲ್ಲ.

ಬೆಂಕಿ ಬೇಡ ಅನ್ನುವುದು ನನ್ನ ಅಭಿಪ್ರಾಯ, ಸ್ಟವ್ ಸಾಕು. ಹಾಕಲೇಬೇಕಾದರೆ ಒಪ್ಪಿಗೆ ಪಡೆದು, ಹಳೆಯ ವೃತ್ತದಲ್ಲೇ ಹಾಕಿ. ತರಗೆಲೆ ಕೊಳೆತ ಮಣ್ಣಿನಲ್ಲಿ ಕಿಡಿ ಒಳಗೊಳಗೇ ಬೇರು ಹಿಡಿದು ಸಾಗಿ, ದಿನಗಳ ನಂತರ ಬೇರೆಲ್ಲೋ ಎದ್ದೀತು. ನೀರು ಹಾಕಿ, ಕಲಕಿ, ಮತ್ತೆ ನೀರು ಹಾಕಿ, ಬೂದಿ ತಣ್ಣಗಿದೆಯಾ ಅಂತ ಕೈಯಿಂದ ನೋಡುವವರೆಗೆ ಯಾರೂ ಕದಲಬಾರದು. ಬಿದ್ದ ದಪ್ಪ ಕೊರಡನ್ನು ಸೌದೆ ಮಾಡಬೇಡಿ. ಸತ್ತ ಮರದಲ್ಲೇ ಬದುಕುವ ಅಣಬೆ, ದುಂಬಿಗಳು ಲೆಕ್ಕವಿಲ್ಲದಷ್ಟಿವೆ. ಕೊಡಲಿಯನ್ನು ಮನೆಯಲ್ಲೇ ಬಿಟ್ಟರೆ ಈ ತಲೆನೋವೇ ಇಲ್ಲ.

ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ಅನ್ನುವುದು ಎಲ್ಲರೂ ಹೇಳುವ ನಿಯಮ. ಅದು ಒಬ್ಬಿಬ್ಬರಿಗೆ ಸರಿ. ಗುಂಪು ವರ್ಷವರ್ಷ ಅಲ್ಲಿಗೇ ಹೋಗುವುದಾದರೆ ಶೌಚಾಲಯದ ವ್ಯವಸ್ಥೆ ಮಾತಾಡಿಕೊಂಡೇ ಹೋಗಿ.

ನಿಯಮದ ಪಟ್ಟಿ ಓದಿಸಿ ಸಹಿ ಹಾಕಿಸುವ ಪದ್ಧತಿಯಲ್ಲಿ ನನಗೆ ನಂಬಿಕೆ ಇಲ್ಲ. ಮಕ್ಕಳು ಸುಮ್ನೆ ಸಹಿ ಹಾಕುತ್ತಾರೆ. ಅದರ ಬದಲು ಟೆಂಟ್ ಹಾಕುವ ಮೊದಲು ನೆಲದ ಫೋಟೋ ಅವರೇ ತೆಗೆಯಲಿ, ಹೊರಡುವ ಮುನ್ನ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಡೆಯುವ ಮಾತುಕತೆಯನ್ನು ಯಾವ ಭಾಷಣವೂ ಕೊಡಲಾರದು. ಆ ಫೋಟೋಗಳನ್ನು ಕಾಡಿನವರಿಗೂ ಕಳಿಸಿ, ಚೆನ್ನಾಗಿಲ್ಲದಿದ್ದರೂ ಕಳಿಸಿ. ಮತ್ತೆ ಒಪ್ಪಿಗೆ ಕೇಳಲು ಹೋಗುವಾಗ ಮಕ್ಕಳಲ್ಲಿ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ಹಕ್ಕಿ ಗೂಡು ಕಟ್ಟುವ ಕಾಲ ಯಾವುದು, ಯಾವ ಕಡೆ ಹೋಗಬಾರದು ಅಂತ ಅವರೇ ಕೇಳಿಕೊಳ್ಳಲಿ.