ಸುಲಿದ ನಿಂಬೆ, ಮಗುಚಿದ ಬಟ್ಟಲು

ಪ್ರಶ್ನೆ: ನಾನು ಚಿತ್ರಕಲೆ ಕಲಿಯುತ್ತಿದ್ದೇನೆ. ಹಳೆಯ ಡಚ್ ಸ್ಟಿಲ್ ಲೈಫ್ ಚಿತ್ರಗಳಲ್ಲಿ, ಅಂದರೆ ಜೋಡಿಸಿಟ್ಟ ವಸ್ತುಗಳನ್ನಷ್ಟೇ ಬರೆದ ಚಿತ್ರಗಳಲ್ಲಿ, ತಲೆಬುರುಡೆ ಇದ್ದರೆ ಅದು ಸಾವಿನ ಸಂಕೇತ ಎಂದು ಗೊತ್ತು. ಆದರೆ ಸುಲಿದ ನಿಂಬೆ, ಮಗುಚಿದ ಬಟ್ಟಲು, ಶಂಖ ಇವಕ್ಕೆಲ್ಲ ಏನರ್ಥ? ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿ ಕೊಡಬಹುದು, ಆದರೆ ಕೊಡುವುದಿಲ್ಲ. ಪಟ್ಟಿ ಕೈಯಲ್ಲಿದ್ದರೆ ಕಣ್ಣು ಚಿತ್ರ ನೋಡುವುದನ್ನೇ ಬಿಟ್ಟುಬಿಡುತ್ತದೆ. ಅದರ ಬದಲು ಆ ವಸ್ತು ಎಲ್ಲಿಂದ ಬಂತು, ಅದಕ್ಕೆ ಏನಾಗಿದೆ, ಪಕ್ಕದಲ್ಲಿ ಏನಿದೆ ಎಂದು ಕೇಳಿಕೊಳ್ಳಿ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹಾರ್ಮೆನ್ ಸ್ಟೀನ್‌ವಿಕ್ ಸುಮಾರು 1640ರಲ್ಲಿ ಬರೆದ ಒಂದು ಚಿತ್ರವಿದೆ. ಅದರಲ್ಲಿ ಶಂಖವಿದೆ, ಜಪಾನಿ ಕತ್ತಿಯಿದೆ, ಪುಸ್ತಕಗಳಿವೆ. ಆಗಿನ ಹಾಲೆಂಡಿನಲ್ಲಿ ದೂರದ ಸಮುದ್ರದ ಶಂಖವನ್ನು ಹಣವಂತರು ಹೆಮ್ಮೆಯಿಂದ ಸಂಗ್ರಹಿಸುತ್ತಿದ್ದರು. ಹಾಗಾಗಿ ಅದು ಸಿರಿತನ. ಕತ್ತಿ ಅಧಿಕಾರ, ಪುಸ್ತಕ ವಿದ್ಯೆ. ಆದರೆ ಓರೆಯಾಗಿ ಬಂದ ಬೆಳಕು ಬೀಳುವುದು ತಲೆಬುರುಡೆಯ ಮೇಲೆ! ಶಂಖ ಒಂದೇ ಇದ್ದಿದ್ದರೆ ಸುಮ್ನೆ ಚೆಂದದ ಶಂಖ ಅಷ್ಟೇ, ಅಲ್ವಾ?

ನಿಂಬೆಯ ವಿಷಯ ಇಷ್ಟು ಸಲೀಸಲ್ಲ. ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ವಿಲ್ಲೆಮ್ ಹೆಡಾನ 1635ರ ಚಿತ್ರ ನೋಡಿ. ಬೂದುಹಸಿರು ಬಣ್ಣದ ಮೇಜು. ಚಿನ್ನದ ನೀರು ಕುಡಿಸಿದ ಬಟ್ಟಲು, ಸಿಂಪಿ, ಮಗುಚಿ ಬಿದ್ದ ಬೆಳ್ಳಿ ಬಟ್ಟಲು, ಅರ್ಧ ಸುಲಿದ ನಿಂಬೆ. ತಲೆಬುರುಡೆ ಇಲ್ಲ. ನಿಂಬೆ ನೋಡಲು ಚೆಂದ, ಒಳಗೆ ಹುಳಿ. ಹಾಗಾಗಿ ಮೋಸದ ಸಂಕೇತ ಎಂದು ಕೆಲವರು ಓದುತ್ತಾರೆ. ಅದು ದಕ್ಷಿಣ ಯುರೋಪಿನಿಂದ ಹಡಗಿನಲ್ಲಿ ಬಂದ ಹಣ್ಣು, ಮನೆಯವರ ಸಿರಿತನ ತೋರಿಸುತ್ತದೆ ಎನ್ನುವವರೂ ಇದ್ದಾರೆ. ನನಗೆ ಇನ್ನೊಂದು ಕಾರಣವೇ ಜಾಸ್ತಿ ಒಪ್ಪಿಗೆ. ಹೊರಗಿನ ಒರಟು ಸಿಪ್ಪೆ, ಅದರೊಳಗಿನ ಬಿಳಿ ಪದರ, ಬೆಳಕು ಹಾಯುವ ತೊಳೆ, ಈ ಮೂರನ್ನೂ ಒಂದೇ ಹಣ್ಣಿನಲ್ಲಿ ತೋರಿಸುವುದು ಕಲಾವಿದನ ಕೈಚಳಕಕ್ಕೆ ದೊಡ್ಡ ಪರೀಕ್ಷೆ. ಈ ಮೂರು ಕಾರಣಗಳೂ ಒಟ್ಟಿಗೆ ನಿಜವಿರಬಹುದು.

ಮಗುಚಿದ ಬಟ್ಟಲು ನನ್ನನ್ನು ಬಹಳ ಕಾಡುತ್ತದೆ. ಯಾರೋ ಊಟ ಮಾಡುತ್ತಿದ್ದರು, ಅರ್ಧಕ್ಕೇ ಎದ್ದು ಹೋದರು. ಅವರ ಮುಖ ನಮಗೆ ಕಾಣುವುದೇ ಇಲ್ಲ. ಅವರು ಬಿಟ್ಟು ಹೋದ ಮೇಜು ಮಾತ್ರ ಉಳಿದಿದೆ. ಇದನ್ನು ತಿಳಿಯಲು ಯಾವ ಪಟ್ಟಿ ಬೇಕು, ಹೇಳಿ?

ಪ್ರಶ್ನೆ: ಇಂದಿನವರು ಬರೆಯುವ ಸ್ಟಿಲ್ ಲೈಫ್‌ನಲ್ಲೂ ಸಂಕೇತ ಇರಬೇಕೇ?

ಉತ್ತರ: ಇರಲೇಬೇಕೆಂದಿಲ್ಲ. ಇದ್ದರೆ ಹಳೆಯದನ್ನು ನಕಲು ಮಾಡಬೇಡಿ. 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಕಲಾವಿದ ವ್ಯಾನ್ ಗೋ ಎರಡು ಖಾಲಿ ಕುರ್ಚಿಗಳನ್ನು ಬರೆದ. ತನ್ನ ಸಾದಾ ಹುಲ್ಲಿನ ಕುರ್ಚಿಯ ಮೇಲೆ ಪೈಪು, ತಂಬಾಕು ಇಟ್ಟ. ಆಗ ಜೊತೆಗಿದ್ದ ಇನ್ನೊಬ್ಬ ಕಲಾವಿದ ಗೊಗ್ಯಾನ್‌ನ ಕುರ್ಚಿಯ ಮೇಲೆ ಉರಿಯುವ ಮೊಂಬತ್ತಿ, ಪುಸ್ತಕಗಳು. ಮನುಷ್ಯರೇ ಇಲ್ಲದೆ ಇಬ್ಬರ ಸ್ವಭಾವವೂ ಕಾಣುತ್ತದೆ. ನೀವೂ ಹತ್ತಿರದವರೊಬ್ಬರು ದಿನಾ ಮುಟ್ಟುವ ಎರಡು ಮೂರು ವಸ್ತುಗಳನ್ನು ಆರಿಸಿ, ಅವರು ಇಟ್ಟ ಹಾಗೆಯೇ ಬಿಟ್ಟು ಬರೆಯಿರಿ.